ನಿಘಂಟಿನ ತೆಳು ಪುಟಗಳು

ಇಂಗ್ಲಿಷ್ ಸ್ಕ್ರ್ಯಾಬಲ್ ಆಟದಲ್ಲಿ ಜೆಡ್ ಅಕ್ಷರದ ಬಿಲ್ಲೆ ಕೈಗೆ ಬಂದರೆ ಅದಕ್ಕೆ 10 ಅಂಕ. ಅದೇ ಜೆಡ್‌ಗೆ ಜರ್ಮನ್ ಸ್ಕ್ರ್ಯಾಬಲ್‌ನಲ್ಲಿ ಬರೀ 3. ಇಂಗ್ಲಿಷಿನಲ್ಲಿ 4 ಅಂಕದ ವೈ ಜರ್ಮನ್ನಿನಲ್ಲಿ 10ಕ್ಕೆ ಏರಿ ಕೂತಿದೆ. ಆಟ ಒಂದೇ, ಲಿಪಿ ಹೆಚ್ಚುಕಡಿಮೆ ಒಂದೇ. ಆದರೂ ಒಂದು ಭಾಷೆಯಲ್ಲಿ ಅಗ್ಗವಾದ ಅಕ್ಷರ ಇನ್ನೊಂದರಲ್ಲಿ ದುಬಾರಿ. ಆಟವನ್ನು ರೂಪಿಸಿದ ಅಮೆರಿಕದ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸಿ ಅಂಕ ಹಂಚಿದ. ಜರ್ಮನ್ ಆಟಕ್ಕೆ ಆ ಲೆಕ್ಕ ಹೊಂದಲಿಲ್ಲ. ಅಲ್ಲಿನ ಚೀಲದಲ್ಲಿ 102 ಬಿಲ್ಲೆಗಳಿವೆ, ಅದರಲ್ಲಿ 15 ಬರೀ ಇ ಅಕ್ಷರದ್ದು. ಕಾಲಕ್ಕೆ ತ್ಸೈಟ್, ರೈಲಿಗೆ ತ್ಸೂಗ್, ಸಂಖ್ಯೆಗೆ ತ್ಸಾಲ್ ಎನ್ನುವ ಜನಕ್ಕೆ ಜೆಡ್ ದಿನಬಳಕೆಯ ಅಕ್ಷರ. ವೈ ಮಾತ್ರ ಹಾಗಲ್ಲ. ಅದರಿಂದ ಶುರುವಾಗುವ ಪದಗಳು ಬಹುಪಾಲು ಹೊರಗಿನಿಂದ ಬಂದವು. ಟಿಬೆಟ್ಟಿನ ಯಾಕ್ ಪ್ರಾಣಿ, ನಮ್ಮ ಯೋಗ ಇಂಥವು.

ಪದದ ಆಟ ಆಡುವವರಿಗೆ ಅಪರೂಪದ ಅಕ್ಷರದಿಂದ ಶುರುವಾಗುವ ಪದಗಳ ಪಟ್ಟಿ ಯಾವಾಗಲೂ ಬೇಕು. ಪಟ್ಟಿ ಉರು ಹೊಡೆಯುವವರೂ ಇದ್ದಾರೆ. ಅದರ ಬದಲು ಆ ಪದಗಳು ಬಂದ ದಾರಿ ತಿಳಿದುಕೊಂಡರೆ ಉರು ಹೊಡೆಯುವ ಕೆಲಸ ಅರ್ಧ ತಪ್ಪುತ್ತದೆ ಎಂದು ನನ್ನ ನಂಬಿಕೆ. ನಿಘಂಟಿನಲ್ಲಿ ಒಂದು ಅಕ್ಷರಕ್ಕೆ ನೂರು ಪುಟ, ಇನ್ನೊಂದಕ್ಕೆ ಎರಡು ಪುಟ ಯಾಕೆ ಎಂಬುದಕ್ಕೆ ಪ್ರತಿ ಭಾಷೆಯಲ್ಲೂ ಕಾರಣವಿದೆ. ಕನ್ನಡದ ಮಟ್ಟಿಗೆ ಆ ಕಾರಣವನ್ನು ಒಂದೊಂದಾಗಿ ಬರೆದಿಟ್ಟವರಲ್ಲಿ ಮುಖ್ಯರಾದ ಒಬ್ಬರು ಜರ್ಮನಿಯವರು. ಹಾಗಾಗಿ ಅಲ್ಲಿಂದಲೇ ಹೊರಡೋಣ.

ಜರ್ಮನ್ ಮಕ್ಕಳು ಆಡುವ ಒಂದು ಆಟದ ಹೆಸರು ಶ್ಟಾಟ್-ಲಾಂಟ್-ಫ್ಲುಸ್. ಊರು, ದೇಶ, ನದಿ ಎಂದು ಅರ್ಥ. ನಮ್ಮ ಮಕ್ಕಳು ಕಾಗದದ ಮೇಲೆ ಗೆರೆ ಎಳೆದು ‘ಹೆಸರು, ಊರು, ಪ್ರಾಣಿ, ವಸ್ತು’ ಎಂದು ಆಡುವ ಆಟದ ಅಕ್ಕತಂಗಿ ಅದು. ಒಬ್ಬರು ಮನಸ್ಸಿನಲ್ಲೇ ಅಕ್ಷರಮಾಲೆ ಹೇಳಿಕೊಳ್ಳುತ್ತಾ ಹೋಗುತ್ತಾರೆ, ಇನ್ನೊಬ್ಬರು ‘ಸ್ಟಾಪ್’ ಎಂದಾಗ ಬಂದ ಅಕ್ಷರದಿಂದ ಎಲ್ಲರೂ ಬರೆಯಬೇಕು. ಕ್ಯೂ, ಎಕ್ಸ್, ವೈ ಬಂದರೆ ಬಿಟ್ಟುಬಿಡೋಣ ಎಂದು ಮೊದಲೇ ಮಾತಾಡಿಕೊಳ್ಳುವುದು ವಾಡಿಕೆ. ಅದಕ್ಕೆ ಕಾರಣವೂ ಇದೆ. ಇಂಗ್ಲಿಷಿನಲ್ಲಿ ಕ್ಯೂನಿಂದ ಬರೆಯುವ ಕತಾರ್ ದೇಶವನ್ನು ಜರ್ಮನ್ನರು ಕೆ ಅಕ್ಷರದಿಂದ ಬರೆಯುತ್ತಾರೆ. ವೈನಿಂದ ಬರೆಯುವ ಯೆಮನ್ ಅಲ್ಲಿ ಜೆ ಅಕ್ಷರಕ್ಕೆ ಹೋಗುತ್ತದೆ. ದೇಶದ ಅಂಕಣ ಮೂರಕ್ಕೆ ಮೂರೂ ಖಾಲಿ. ಊರಿನ ಅಂಕಣದಲ್ಲಿ ಕ್ಯೂಗೆ ಕ್ವೆಡ್ಲಿನ್‌ಬುರ್ಗ್ ಇದೆ, ಎಕ್ಸ್‌ಗೆ ಕ್ಸಾಂಟೆನ್ ಇದೆ.

ಈ ಕ್ಸಾಂಟೆನ್ ರೈನ್ ನದಿಯ ದಡದ ಹಳೆಯ ಊರು. ರೋಮನ್ನರ ಕಾಲದ ನಗರದ ಅವಶೇಷ ಅಲ್ಲಿದೆ. ಜರ್ಮನಿಯಲ್ಲಿ ಎಕ್ಸ್ ಅಕ್ಷರದಿಂದ ಶುರುವಾಗುವ ಪಟ್ಟಣ ಅದೊಂದೇ. ಆ ಎಕ್ಸ್ ಕೂಡ ಹುಟ್ಟಿನಿಂದ ಬಂದದ್ದಲ್ಲ. ‘ಸಂತರ ಬಳಿ’ ಎಂಬ ಅರ್ಥದ ‘ಆಡ್ ಸಾಂಕ್ಟೋಸ್’ ಎಂಬ ಲ್ಯಾಟಿನ್ ಮಾತು ಬಾಯಿಂದ ಬಾಯಿಗೆ ಸವೆದು ಬರಹದಲ್ಲಿ ಎಕ್ಸ್ ತೊಟ್ಟುಕೊಂಡಿತು.

ಒಂದು ಅಕ್ಷರಕ್ಕೆ ಯಾವ ಪದವನ್ನು ಗುರುತಾಗಿ ಇಡುತ್ತೇವೆ ಎಂಬುದು ಸಣ್ಣ ಸಂಗತಿಯೇನಲ್ಲ. ಫೋನಿನಲ್ಲಿ ಹೆಸರು ಹೇಳುವಾಗ ಅಕ್ಷರ ಸ್ಪಷ್ಟವಾಗಲೆಂದು ಜರ್ಮನ್ನರು ‘ಆಂಟೋನ್‌ನ ಎ, ಬೆರ್ಟಾದ ಬಿ’ ಎಂದು ಬಿಡಿಸಿ ಹೇಳುತ್ತಿದ್ದರು. 1903ರ ಹೊತ್ತಿಗೆ ಈ ಪಟ್ಟಿಯಲ್ಲಿ ವ್ಯಕ್ತಿಗಳ ಹೆಸರು ಬಂದಿದ್ದವು. ಡಿಗೆ ಡಾವಿಡ್, ಎನ್‌ಗೆ ನಾಥಾನ್, ಎಸ್‌ಗೆ ಸಾಮುಯೆಲ್, ಜೆಡ್‌ಗೆ ಜಕಾರಿಯಾಸ್. 1933ರಲ್ಲಿ ರೋಸ್ಟಾಕ್ ಊರಿನ ಒಬ್ಬ ನಿವಾಸಿ ಈ ಯಹೂದಿ ಹೆಸರುಗಳನ್ನು ತೆಗೆಯಬೇಕೆಂದು ಅಂಚೆ ಇಲಾಖೆಗೆ ಪತ್ರ ಬರೆದ. 1934ರಲ್ಲಿ ನಾತ್ಸಿ ಆಡಳಿತ ಅವನ್ನು ತೆಗೆದೂ ಹಾಕಿತು. ಡಾವಿಡ್ ಹೋಗಿ ಡೋರಾ ಬಂತು, ನಾಥಾನ್ ಜಾಗದಲ್ಲಿ ಉತ್ತರ ಧ್ರುವ ಎಂಬರ್ಥದ ‘ನೋರ್ಡ್‌ಪೋಲ್’ ಬಂದು ಕೂತಿತು. ಯುದ್ಧ ಮುಗಿದು ದಶಕಗಳು ಕಳೆದರೂ ನೋರ್ಡ್‌ಪೋಲ್ ಹಾಗೇ ಉಳಿದಿತ್ತು. 2022ರಲ್ಲಿ ಜರ್ಮನಿಯ ಮಾನಕ ಸಂಸ್ಥೆ ಕಚೇರಿಗಳ ಬಳಕೆಗೆಂದು ಊರುಗಳ ಹೆಸರಿರುವ ಹೊಸ ಪಟ್ಟಿ ತಂದಿತು. ಆಖೆನ್, ಬರ್ಲಿನ್, ಕೋಟ್‌ಬುಸ್, ನ್ಯೂರ್ನ್‌ಬೆರ್ಗ್. ಎಕ್ಸ್‌ಗೆ ಕ್ಸಾಂಟೆನ್ ಸಿಕ್ಕಿತು. ವೈಗೆ ಮಾತ್ರ ಊರು ಒದಗಲಿಲ್ಲ, ಅಕ್ಷರದ ಹೆಸರಾದ ‘ಇಪ್ಸಿಲೋನ್’ ಅನ್ನೇ ಇಟ್ಟುಕೊಂಡರು. ಪದದ ಆಟವೆಂದರೆ ಹೊತ್ತು ಕಳೆಯುವ ಕೆಲಸ ಎನ್ನುವವರಿಗೆ ನಾನು ಈ ಪಟ್ಟಿಯ ಕತೆ ಹೇಳುತ್ತೇನೆ.

ನಿಘಂಟಿನ ಪುಟ ತೆಳ್ಳಗಾಗುವುದಕ್ಕೆ ಸರ್ಕಾರದ ತೀರ್ಮಾನವೂ ಸಾಕು. ಕೊನ್ರಾಡ್ ಡೂಡನ್ ಎಂಬ ಶಾಲಾ ಮುಖ್ಯಸ್ಥ 1880ರಲ್ಲಿ ಸುಮಾರು 27,000 ಪದಗಳ ಕಾಗುಣಿತ ನಿಘಂಟು ತಂದ. 1901ರಲ್ಲಿ ಜರ್ಮನ್ ಕಾಗುಣಿತವನ್ನು ಒಂದು ಹದಕ್ಕೆ ತಂದಾಗ ಸಿ ಅಕ್ಷರದಿಂದ ಬರೆಯುತ್ತಿದ್ದ ‘ಕುಲ್ಟೂರ್’ ಕೆ ವಿಭಾಗಕ್ಕೆ, ‘ಸಿಗಾರೆ’ ಜೆಡ್ ವಿಭಾಗಕ್ಕೆ ಹೋದವು. ಸಿ ವಿಭಾಗದಲ್ಲಿ ಉಳಿದದ್ದು ಹೆಚ್ಚಾಗಿ ಹೊರಗಿನಿಂದ ಬಂದ ಪದಗಳು. ಇಂದಿಗೂ ಜರ್ಮನ್ ಸ್ಕ್ರ್ಯಾಬಲ್ ಆಡುವವರಿಗೆ ಜಗಳ ಬಂದರೆ ತೀರ್ಪು ಡೂಡನ್ನಿನದು; 2024ರ ಆವೃತ್ತಿಯಲ್ಲಿ ಸುಮಾರು 1,51,000 ಪದಗಳಿವೆ. ಇನ್ನು, ಎರಡು ಎಸ್‌ಗಳ ಬದಲು ಬರೆಯುವ ‘ಎಸ್‌ಜೆಟ್’ ಎಂಬ ಅಕ್ಷರದ ಸಂಗತಿ ಬೇರೆ. ಅದರಿಂದ ಯಾವ ಜರ್ಮನ್ ಪದವೂ ಶುರುವಾಗುವುದಿಲ್ಲ. ಹಾಗಾಗಿ ಅದಕ್ಕೆ ದೊಡ್ಡಕ್ಷರದ ರೂಪವನ್ನು ಅಧಿಕೃತವಾಗಿ ಒಪ್ಪಿದ್ದು 2017ರಲ್ಲಿ. ನಮ್ಮ ಣ, ಳ ಅಕ್ಷರಗಳ ಪಾಡೂ ಇದೇ. ಪದದ ನಡುವೆ ಇವು ಹೇರಳ, ಮೊದಲಲ್ಲಿ ಇಲ್ಲವೆಂದೇ ಹೇಳಬಹುದು.

ಮೊದಲು ಹೇಳಿದ ಆ ಜರ್ಮನಿಯ ನಿಘಂಟುಕಾರ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಸಮುದ್ರದ ಕರಾವಳಿಯ ಪೂರ್ವ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಮಗ ಬಾಸೆಲ್ ಮಿಷನ್ ಸೇರಿ 1853ರಲ್ಲಿ ಕರ್ನಾಟಕಕ್ಕೆ ಬಂದ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಸಂಪಾದಿಸಿದ. 1877ರಲ್ಲಿ ಊರಿಗೆ ಮರಳಿದವನು ನಿಘಂಟಿನ ಕೆಲಸಕ್ಕೆಂದೇ 1883ರಲ್ಲಿ ಮತ್ತೆ ಬಂದು 1892ರವರೆಗೆ ಇದ್ದ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಅವನ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಜರ್ಮನಿಯಲ್ಲಿ ಗ್ರಿಮ್ ಸೋದರರು 1838ರಲ್ಲಿ ಕೈಹಾಕಿದ ನಿಘಂಟು ಮುಗಿದದ್ದು 1961ರಲ್ಲಿ. ತಮ್ಮ ವಿಲ್ಹೆಲ್ಮ್ ಡಿ ವಿಭಾಗ ಮುಗಿಸಿ ತೀರಿಕೊಂಡ, ಅಣ್ಣ ಯಾಕೋಬ್ ಎಫ್ ವಿಭಾಗದ ನಡುವೆ. ಕಿಟ್ಟೆಲ್ ತನ್ನದನ್ನು ಅ ಕಾರದಿಂದ ಕೊನೆಯ ಅಕ್ಷರದವರೆಗೆ ತಾನೇ ಮುಗಿಸಿದ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅದೇ ಊರಿನಲ್ಲಿ ತೀರಿಕೊಂಡ.

ಈ ನಿಘಂಟನ್ನು ಪದದ ಆಟದವರು ಹತ್ತಿರ ಇಟ್ಟುಕೊಳ್ಳಬೇಕೆಂದು ನಾನು ಹೇಳುವುದು ಪದಗಳ ಸಂಖ್ಯೆಗಾಗಿ ಅಲ್ಲ. ಒಂದು ನಮೂದನ್ನು ತೆರೆದು ನೋಡಿ. ಕನ್ನಡ ಅಕ್ಷರದಲ್ಲಿ ಪದ, ಪಕ್ಕದಲ್ಲಿ ರೋಮನ್ ಲಿಪಿಯಲ್ಲಿ ಉಚ್ಚಾರ, ತದ್ಭವವಾದರೆ ಯಾವ ಸಂಸ್ಕೃತ ಪದದಿಂದ ಬಂತೆಂಬ ಸೂಚನೆ, ಆಮೇಲೆ ಅರ್ಥಗಳು. ಅರ್ಥದ ಮುಂದೆ ಪುಟ್ಟ ಸಂಕೇತಗಳು ಬರುತ್ತವೆ. ಈ ಬಳಕೆ ಮೈಸೂರಿನದು, ಇದು ಧಾರವಾಡ-ಬೆಳಗಾವಿ ಕಡೆಯ ದಕ್ಷಿಣ ಮರಾಠಾ ಸೀಮೆಯದು, ಇದು ಶಬ್ದಮಣಿದರ್ಪಣದ್ದು, ಇದು ಬಸವಪುರಾಣದ್ದು, ಇದು ಗಾದೆಯಲ್ಲಿ ಬಂದದ್ದು. ಕೊನೆಗೆ ತಮಿಳು, ತೆಲುಗು, ಮಲಯಾಳ, ತುಳುವಿನ ನಂಟಸ್ತಿಕೆ. ಪದಕ್ಕೆ ಊರೂ ಇದೆ, ಕುಲವೂ ಇದೆ. ಅಪರೂಪದ ಅಕ್ಷರದ ಪದ ಹುಡುಕುವವರಿಗೆ ಬೇಕಾದದ್ದು ಈ ಎರಡು ಸಂಗತಿಗಳೇ.

ಕನ್ನಡ ವರ್ಣಮಾಲೆಯಲ್ಲಿ ಪದದ ಮೊದಲಿಗೆ ಬಾರದ ಅಕ್ಷರ ಯಾವುವು ಎಂದು ಒಂದನೆಯ ತರಗತಿಯ ಪುಸ್ತಕವೇ ತೋರಿಸಿಕೊಡುತ್ತದೆ. ಅ ಬಂದರೆ ಅಗಸ, ಆ ಬಂದರೆ ಆನೆ. ಣ ಬಂದಾಗ ಬಾಣದ ಚಿತ್ರ, ಳ ಬಂದಾಗ ತಾಳದ ಚಿತ್ರ, ಅಕ್ಷರ ಹಿಂದಕ್ಕೆ ಸರಿದಿರುತ್ತದೆ. ಙ, ಞ ಬಂದಾಗ ಚಿತ್ರವೇ ಇಲ್ಲ. ಫ್ರಾಂಕ್‌ಫರ್ಟ್, ಮ್ಯೂನಿಕ್ ಕಡೆ ಕನ್ನಡ ಕೂಟದವರು ವಾರಾಂತ್ಯದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವಾಗಲೂ ಈ ಎರಡರ ಮುಂದೆ ಏನು ಬರೆಸುವುದು ಎಂಬ ಪ್ರಶ್ನೆ ಏಳುತ್ತದೆ. ಅಂತ್ಯಾಕ್ಷರಿ ಆಡುವವರಿಗೂ ಇದು ಹಳೆಯ ತಲೆನೋವು. ಕನ್ನಡದ ಎಷ್ಟೋ ಸಾಲು ಳು, ಣು ಎಂದೇ ಮುಗಿಯುತ್ತದೆ, ಎದುರಾಳಿ ಎಲ್ಲಿಂದ ಹಾಡಬೇಕು? ‘ಳ ಬಂದರೆ ಲ, ಣ ಬಂದರೆ ನ’ ಎಂಬ ಒಪ್ಪಂದ ಅದಕ್ಕೇ ಹುಟ್ಟಿತು. ಣ ಅಕ್ಷರಕ್ಕೆ ಒಂದು ದಾರಿ ಉಂಟು. ಜೈನರ ಪಂಚನಮಸ್ಕಾರಕ್ಕೆ ‘ಣಮೋಕಾರ ಮಂತ್ರ’ ಎಂಬ ಹೆಸರಿದೆ. ಪ್ರಾಕೃತದಲ್ಲಿ ನಮೋ ಎಂಬುದು ಣಮೋ ಆಗುತ್ತದೆ. ಞ ಅಕ್ಷರ ಬೇಕಾದವರು ಒತ್ತಕ್ಷರದ ಕೆಳಗೆ ಹುಡುಕಬೇಕು, ಜ್ಞಾನ, ಜ್ಞಾಪಕ, ಜ್ಞಾತಿ ಪದಗಳಲ್ಲಿ ಜ ಅಕ್ಷರದ ಅಡಿ ಇರುವುದು ಅದೇ. ನಡುವೆ ಬರುತ್ತಿದ್ದ ಙ, ಞಗಳನ್ನು ನಮ್ಮ ಸೊನ್ನೆ ನುಂಗಿಕೊಂಡಿದೆ. ಪಂಚ, ಶಂಖ ಎಂದು ಬರೆದರೆ ಸಾಕು, ಬಾಯಿ ತಾನಾಗಿ ಸರಿಯಾದ ಅನುನಾಸಿಕವನ್ನು ನುಡಿಯುತ್ತದೆ.

ಪಕ್ಕದ ಮಲಯಾಳದಲ್ಲಿ ಞ ಧಾರಾಳವಾಗಿ ಪದದ ಬಾಗಿಲಲ್ಲಿ ನಿಲ್ಲುತ್ತದೆ. ನಾನು ಎಂಬುದಕ್ಕೆ ಞಾನ್, ಭಾನುವಾರಕ್ಕೆ ಞಾಯರ್. ಬಾಸೆಲ್ ಮಿಷನ್ನಿನವನೇ ಆದ ಹೆರ್ಮನ್ ಗುಂಡರ್ಟ್ 1872ರಲ್ಲಿ ಮಲಯಾಳ ನಿಘಂಟು ಮಾಡಿದ. ಕಾದಂಬರಿಕಾರ ಹೆರ್ಮನ್ ಹೆಸ್ಸೆಗೆ ತಾಯಿಯ ತಂದೆ ಅವನು. ಅವನ ನಿಘಂಟಿನಲ್ಲಿ ಞ ವಿಭಾಗಕ್ಕೆ ಸಲ್ಲುವ ಮಾತುಗಳ ಅಣ್ಣತಮ್ಮಂದಿರು ಕಿಟ್ಟೆಲ್ ನಿಘಂಟಿನಲ್ಲಿ ನ ವಿಭಾಗದಲ್ಲಿದ್ದಾರೆ. ಆ ಞಾಯರ್ ಮತ್ತು ನಮ್ಮ ನೇಸರು ಒಂದೇ ಬೇರಿನ ಪದಗಳು. ಕನ್ನಡ ಬಹಳ ಹಿಂದೆಯೇ ಆ ಞ ಧ್ವನಿಯನ್ನು ನ ಧ್ವನಿಗೆ ತಿರುಗಿಸಿಕೊಂಡಿತು.

ಇದಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ, ಪದದ ಆಟದವರಿಗೆ ಅದು ಬಹಳ ಉಪಯೋಗಿ. ದ್ರಾವಿಡ ಭಾಷೆಗಳ ಮೂಲ ಹದದಲ್ಲಿ ಟ, ಡ, ಣ, ಳ, ೞ ಧ್ವನಿಗಳಾಗಲಿ, ರ, ಲ ಧ್ವನಿಗಳಾಗಲಿ ಪದದ ಮೊದಲಿಗೆ ಬರುತ್ತಿರಲಿಲ್ಲ. ತಮಿಳಿನವರು ರಾಮನನ್ನು ಇರಾಮನ್ ಎಂದು ಬರೆಯುವುದು, ಲೋಕವನ್ನು ಉಲಗಂ ಎನ್ನುವುದು ಇದೇ ಕಾರಣಕ್ಕೆ. ನಮ್ಮಲ್ಲಿ ರಾಜ ಎಂಬುದು ಅರಸ ಆದದ್ದೂ ಹಾಗೆಯೇ, ಮುಂದೆ ಒಂದು ಸ್ವರ ಇಟ್ಟುಕೊಂಡು. ಆದ್ದರಿಂದ ಕನ್ನಡದಲ್ಲಿ ಟ, ಡ, ರ, ಲ ಅಕ್ಷರದಿಂದ ಶುರುವಾಗುವ ಪದ ಕಂಡರೆ ಮೂರರಲ್ಲಿ ಒಂದು ಕಾರಣ ಊಹಿಸಬಹುದು. ಹೊರಗಿನಿಂದ ಬಂದಿರಬೇಕು, ಸದ್ದಿನ ಅನುಕರಣೆ ಆಗಿರಬೇಕು, ಇಲ್ಲವೇ ಒಳಗೇ ಏನೋ ಬದಲಾಗಿರಬೇಕು.

ಮೂರನೆಯದು ನನಗೆ ಬಹಳ ಇಷ್ಟ. ಟಗರು ಎಂಬ ಪದಕ್ಕಿಂತ ಅಚ್ಚ ಹಳ್ಳಿಯ ಪದ ಬೇಕೆ? ಹಳಗನ್ನಡದಲ್ಲಿ ಅದು ತಗರ್. ತಮಿಳಿನಲ್ಲೂ ತಗರ್. ನಾಲಿಗೆ ಹಲ್ಲಿನಿಂದ ಮೇಲಕ್ಕೆ ಮಡಚಿ ತಗರು ಟಗರಾಯಿತು. ರೆಕ್ಕೆಯ ಕತೆ ಇನ್ನೂ ಚೆಂದ. ಹಳೆಯ ರೂಪ ಎಱಕೆ, ಎಱಂಕೆ. ಮೊದಲ ಎ ಜಾರಿ ಹೋಗಿ, ಕ ಒತ್ತು ಪಡೆದು, ಱೆಕ್ಕೆ ಆಯಿತು. ಮುಂದೆ ಱ ಅಕ್ಷರವೇ ಬರಹದಿಂದ ಮರೆಯಾದಾಗ ರೆಕ್ಕೆ. ಕೇಶಿರಾಜ 13ನೆಯ ಶತಮಾನದಲ್ಲಿ ಕನ್ನಡದ ಶುದ್ಧಾಕ್ಷರ 47 ಎಂದು ಲೆಕ್ಕ ಕೊಟ್ಟ. ಅದರಲ್ಲಿ ಸಂಸ್ಕೃತಕ್ಕಿಲ್ಲದ, ನಮ್ಮವೇ ಆದ ಅಕ್ಷರಗಳೆಂದರೆ ಹ್ರಸ್ವ ಎ, ಹ್ರಸ್ವ ಒ, ಱ, ೞ, ಳ. ಇವುಗಳಲ್ಲಿ ಎ ಮತ್ತು ಒ ಎರಡೇ ಧಾರಾಳವಾಗಿ ಪದ ಶುರುಮಾಡುತ್ತವೆ. ಎಮ್ಮೆ, ಎತ್ತು, ಎಲೆ, ಒಲೆ, ಒಕ್ಕಲು ಹೀಗೆ ಹೊಲ-ಮನೆಯ ಪದಗಳು ಅಲ್ಲಿವೆ. ಉಳಿದ ಮೂರು ನಮ್ಮವೇ ಆಗಿದ್ದೂ ಪದದ ಮೊದಲಿಗೆ ನಿಲ್ಲಲಾರವು. ಱೆಕ್ಕೆಯಂಥ ಒಂದೆರಡು ಪದಗಳಲ್ಲಿ ಱ ಹೇಗೋ ಮುಂದೆ ಬಂತು.

ಯ ಮತ್ತು ವ ವಿಭಾಗಗಳನ್ನು ತೆರೆದರೆ ಬಹುಪಾಲು ಸಂಸ್ಕೃತವೇ. ಕನ್ನಡ ಬಾಯಿ ಮೊದಲಿನ ಯ ಬಂದರೆ ಜ ಮಾಡಿಕೊಳ್ಳುತ್ತಿತ್ತು. ಯಾತ್ರೆ ಜಾತ್ರೆಯಾಯಿತು, ಯೋಗಿ ಜೋಗಿ, ಯಮ ಜವ, ಯೌವನ ಜವ್ವನ. ಯಾರು, ಯಾವ ಎಂಬ ಪ್ರಶ್ನೆಪದಗಳು ಹಳಗನ್ನಡದಲ್ಲಿ ಆರ್, ಆವ. ವ ಬಂದರೆ ಬ: ವನ ಬನ, ವರ್ಣ ಬಣ್ಣ, ವಸತಿ ಬಸದಿ. ಪ ಅಕ್ಷರದ್ದು ಬೇರೆ ಲೆಕ್ಕ. ಪಾಲ್ ಹಾಲಾಯಿತು, ಪೂ ಹೂವಾಯಿತು. ಪದಬಂಧದಲ್ಲಿ ‘ಹಳಗನ್ನಡದಲ್ಲಿ’ ಎಂಬ ಸುಳಿವು ಕಂಡರೆ ಹ ತೆಗೆದು ಪ ಇಟ್ಟು ನೋಡುವವರು ಈ ನಿಯಮವನ್ನು ತಮಗರಿವಿಲ್ಲದೆ ಬಳಸುತ್ತಿದ್ದಾರೆ.

ಈಗ ಠ. ಕನ್ನಡ ನಿಘಂಟಿನ ಅತ್ಯಂತ ತೆಳುವಾದ ವಿಭಾಗಗಳಲ್ಲಿ ಒಂದು, ಅಷ್ಟೇ ರುಚಿಯಾದದ್ದೂ ಹೌದು. ಆಟದಲ್ಲಿ ಠ ಬಂದಾಕ್ಷಣ ಹೆಚ್ಚಿನವರು ಕೈಚೆಲ್ಲುತ್ತಾರೆ. ಆದರೆ ಇಲ್ಲಿನ ಪದಗಳು ಹೆಚ್ಚಾಗಿ ಎರಡು ದಾರಿಯಲ್ಲಿ ಬಂದಿವೆ. ಒಂದು ಪ್ರಾಕೃತದ ದಾರಿ. ಸಂಸ್ಕೃತದ ಮೊದಲಿನ ‘ಸ್ಥ’ ಪ್ರಾಕೃತದಲ್ಲಿ ಎಷ್ಟೋ ಕಡೆ ಠ ಆಗುತ್ತದೆ. ಸ್ಥಾನದಿಂದ ಠಾಣ, ಅದರಿಂದ ನಮ್ಮ ಪೊಲೀಸ್ ಠಾಣೆ. ಠಾವು ಅದೇ ಮನೆತನ. ಮೋಸಗಾರನಿಗೆ ಸಂಸ್ಕೃತದಲ್ಲಿ ಸ್ಥಗ ಎಂಬ ಪದವಿದೆ. ಹಿಂದಿಯ ಠಗ್, ನಮ್ಮ ಠಕ್ಕ, ಹಿಂದಿಯಿಂದ ಇಂಗ್ಲಿಷಿಗೆ ಹೋದ ಥಗ್ ಎಲ್ಲವೂ ಅದರ ಸಂತತಿ. ಠಾಣೆಯೂ ಠಕ್ಕನೂ ನಿಘಂಟಿನ ಒಂದೇ ಪುಟದಲ್ಲಿ ಹತ್ತಿರ ಹತ್ತಿರ ಕೂತಿರುವುದಕ್ಕೆ ಈ ಧ್ವನಿ ನಿಯಮವೇ ಕಾರಣ.

ಎರಡನೆಯದು ಮರಾಠಿಯ ದಾರಿ. ಪೇಶ್ವೆಗಳ ಆಡಳಿತ, ಆಮೇಲೆ ಮುಂಬಯಿ ಪ್ರಾಂತ್ಯದ ಕಚೇರಿಗಳು, ಇವುಗಳ ಮೂಲಕ ಉತ್ತರ ಕರ್ನಾಟಕಕ್ಕೆ ಬಂದ ಪದಗಳು ಇವು. ಸಹಕಾರಿ ಸಂಘದ ಸಭೆಯಲ್ಲಿ ಪಾಸಾಗುವ ಠರಾವು. ಕಾಗದದ ಮೇಲೆ ಒತ್ತುವ ಠಸ್ಸೆ. ಬ್ಯಾಂಕಿನಲ್ಲಿಡುವ ಠೇವಣಿ. ಮರಾಠಿಯಲ್ಲಿ ಠೇವ ಎಂದರೆ ಇಟ್ಟದ್ದು. ಚುನಾವಣೆ ಬಂತೆಂದರೆ ‘ಠೇವಣಿ ಕಳೆದುಕೊಂಡರು’ ಎಂಬ ಮಾತು ಇಡೀ ಕರ್ನಾಟಕದ ಬಾಯಲ್ಲಿ ಓಡಾಡುತ್ತದೆ, ಚಾಮರಾಜನಗರದವರೂ ಹೇಳುತ್ತಾರೆ. ಬಂದವರು ಜಾಗ ಬಿಟ್ಟು ಕದಲದಿದ್ದರೆ ಠಿಕಾಣಿ ಹೂಡಿದರು ಎನ್ನುತ್ತೇವೆ. ಈ ಕಚೇರಿ ಪದಗಳ ಹಾದಿ ಹಿಡಿದರೆ ಅಕ್ಕಪಕ್ಕದ ಅಕ್ಷರಗಳೂ ತೆರೆದುಕೊಳ್ಳುತ್ತವೆ. ಛಾವಣಿ, ಛಾಪಾ ಕಾಗದ, ಖಾತೆ, ಖಜಾನೆ, ಫಿರ್ಯಾದು, ಫರ್ಮಾನು, ಫಸಲು. ಮರಾಠಿಯ ಜತೆಗೆ ಪಾರಸಿ, ಅರಬಿಗಳೂ ಇಲ್ಲಿ ಸೇರಿವೆ. ಹೊಲ, ಹಟ್ಟಿ, ಮನೆಯ ಪದ ಬೇಕಾದಾಗ ಎ, ಒ ವಿಭಾಗಕ್ಕೆ ಹೋಗಿ. ಕಚೇರಿ, ಕಂದಾಯ, ದಂಡಿನ ಪದ ಬೇಕಾದಾಗ ಮಹಾಪ್ರಾಣಕ್ಕೆ ಬನ್ನಿ. ಪದಬಂಧ ಬಿಡಿಸುವವರಿಗೆ ನಾನು ಕೊಡಬಹುದಾದ ಅತ್ಯುತ್ತಮ ಸುಳಿವು ಇದು.

ಝ ಅಕ್ಷರಕ್ಕೆ ಕಿವಿ ಕೊಡಬೇಕು. ಸಂಸ್ಕೃತದಲ್ಲೇ ಅದು ಅಪರೂಪ, ಇರುವ ಪದಗಳಲ್ಲಿ ಬಹಳಷ್ಟು ಸದ್ದಿನ ಅನುಕರಣೆ ಅಥವಾ ಪ್ರಾಕೃತದಿಂದ ಒಳಬಂದದ್ದು. ಹರಿ, ಜಿನುಗು ಎಂಬರ್ಥದ ‘ಕ್ಷರ್’ ಎಂಬ ಧಾತು ಪ್ರಾಕೃತದಲ್ಲಿ ಝರ ಆಗಿ, ನಿರ್ಝರವಾಗಿ, ನಮ್ಮಲ್ಲಿ ಝರಿಯಾಗಿ ಹರಿಯಿತು. ಉಳಿದದ್ದೆಲ್ಲ ಸದ್ದು, ಬೆಳಕು, ಬಿಸಿ. ದುಂಬಿಯ ಝೇಂಕಾರ, ಕಾಸಿನ ಝಣಝಣ, ಒಡವೆಯ ಝಗಮಗ, ಬಿಸಿಲಿನ ಝಳ, ಮೈ ಝಲ್ಲೆನ್ನುವುದು. ಸಂಗೀತದವರಿಗೆ ಝಂಪೆ ತಾಳವಿದೆ, ಪ್ರಾಣಿಯ ಅಂಕಣಕ್ಕೆ ಮೀನು ಎಂಬರ್ಥದ ಝಷ ಇದೆ. ಕನ್ನಡಕ್ಕೆ ಮಹಾಪ್ರಾಣ ಸ್ವಂತದ್ದಲ್ಲ ಎಂದು ಹೇಳುವಾಗ ಇದೊಂದನ್ನು ಮರೆಯಬಾರದು. ರಭಸ ತೋರಿಸಲು, ಆಶ್ಚರ್ಯ ತೋರಿಸಲು, ಬೇಸರ ತೋರಿಸಲು ನಾವು ತಾನಾಗಿ ಉಸಿರು ಬೆರೆಸುತ್ತೇವೆ. ಥಟ್ಟನೆ, ಘಮ್ಮನೆ, ಧಡಕ್ಕನೆ, ಫಳಫಳ, ಛಟೀರನೆ. ಛೇ, ಛೀ ಎಂದು ಅಕ್ಷರ ಬಾರದವರೂ ಸ್ಪಷ್ಟ ಮಹಾಪ್ರಾಣದಲ್ಲೇ ಅನ್ನುತ್ತಾರೆ. ಛೀಮಾರಿ ಹುಟ್ಟಿದ್ದು ಅಲ್ಲಿಂದಲೇ.

ಋ ಬಗ್ಗೆ ಹೆಚ್ಚು ಹೇಳುವುದಿಲ್ಲ. ಋಣ, ಋತು, ಋಷಿ, ಋಷಭ, ಕರಡಿ ಎಂಬರ್ಥದ ಋಕ್ಷ, ಹಂಪಿ ಬಳಿಯ ಋಷ್ಯಮೂಕ. ಎಲ್ಲವೂ ಸಂಸ್ಕೃತ, ಕಲಿತರೆ ಮುಗಿಯಿತು. ಐ ಮತ್ತು ಔ ಹಾಗಲ್ಲ, ಇವು ಬರಹದ ಒಪ್ಪಂದಕ್ಕೆ ಸಿಕ್ಕ ಅಕ್ಷರಗಳು. ಐದು ಎಂಬುದನ್ನು ಅಯ್ದು ಎಂದು, ಔಡಲ ಎಂಬುದನ್ನು ಅವುಡಲ ಎಂದು ಬರೆದರೂ ನುಡಿಯುವುದು ಒಂದೇ ಥರ. ಹಲ್ಲುಮುಡಿ ಕಚ್ಚುವುದಕ್ಕೆ ಔಡುಗಚ್ಚು ಎನ್ನುವವರೂ ಇದ್ದಾರೆ, ಅವುಡುಗಚ್ಚು ಎನ್ನುವವರೂ ಇದ್ದಾರೆ. ಊರಿನ ಅಂಕಣಕ್ಕೆ ಬೀದರ್ ಜಿಲ್ಲೆಯ ಔರಾದ, ಬಾಗಲಕೋಟೆ ಜಿಲ್ಲೆಯ ಐಹೊಳೆ. ಈ ಐಹೊಳೆಯನ್ನು ಶಾಸನಗಳಲ್ಲಿ ಅಯ್ಯಾವೊಳೆ ಎಂದು ಬರೆದಿದ್ದಾರೆ, ಐನೂರ್ವರ ವರ್ತಕ ಸಂಘ ಆ ಹೆಸರಿನಿಂದಲೇ ದಕ್ಷಿಣ ಭಾರತದುದ್ದಕ್ಕೂ ಪ್ರಸಿದ್ಧ. ಸಾವಿರ ವರ್ಷದ ಹಿಂದೆ ಅ ವಿಭಾಗದಲ್ಲಿದ್ದ ಊರು ಈಗ ಐ ವಿಭಾಗದಲ್ಲಿದೆ.

ತೆಳು ವಿಭಾಗಗಳು ಸದಾ ತೆಳುವಾಗಿಯೇ ಇರುವುದಿಲ್ಲ. ಕಿಟ್ಟೆಲ್ ನಿಘಂಟು ಬಂದ ಮೇಲೆ ಟ, ಡ, ಫ ಅಕ್ಷರಗಳು ಇಂಗ್ಲಿಷಿನಿಂದ ಉಬ್ಬಿವೆ. ಟಿಕೇಟು, ಟೊಮೇಟೊ, ಡಾಕ್ಟರು, ಫೀಸು, ಫೋನು. ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳಿಗೇ ಪ್ರತ್ಯೇಕ ಕೋಶ ಮಾಡಿದರು. ಅವರು ಪ್ರಧಾನ ಸಂಪಾದಕರಾಗಿ ದುಡಿದ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ-ಕನ್ನಡ ನಿಘಂಟು ಕಿಟ್ಟೆಲ್ ನಿಲ್ಲಿಸಿದಲ್ಲಿಂದ ಬಹುದೂರ ಬಂದಿದೆ, ಶಾಸನಗಳ ಮತ್ತು ಹಳೆಯ ಕಾವ್ಯಗಳ ಪ್ರಯೋಗಗಳೊಂದಿಗೆ.

ಈ ತೆಳು ವಿಭಾಗಗಳ ಹಲವು ಅಕ್ಷರಗಳೇ ಬೇಡ ಎನ್ನುವ ವಾದವೂ ಇದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡಿಗರ ಮಾತಿನಲ್ಲಿ ಮಹಾಪ್ರಾಣವಿಲ್ಲ, ಹಾಗಾಗಿ ಬರಹದಲ್ಲೂ ಬೇಡ, ಋ, ಐ, ಔ ಕೂಡ ಬೇಡ ಎಂದು ‘ಎಲ್ಲರ ಕನ್ನಡ’ದ ಹೆಸರಿನಲ್ಲಿ ವಾದಿಸಿದರು. ಮಕ್ಕಳ ಓದಿನ ಭಾರ ಇಳಿಯಬೇಕೆಂಬ ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೂ ಠ ಮತ್ತು ಝ ವಿಭಾಗ ಖಾಲಿಯಾಗುವುದು ನನಗೆ ಒಪ್ಪಿಗೆಯಿಲ್ಲ. ಠರಾವು ಟರಾವು ಆದರೆ ಅರ್ಥ ಕೆಡುವುದಿಲ್ಲ, ನಿಜ. ಆ ಪದ ಧಾರವಾಡದ ಕಚೇರಿಗೆ ಯಾವ ದಾರಿಯಲ್ಲಿ ಬಂತೆಂಬ ಗುರುತು ಮಾತ್ರ ಅಳಿಸಿಹೋಗುತ್ತದೆ. ಜರ್ಮನ್ನರ ಕುಲ್ಟೂರ್ ಸಿ ವಿಭಾಗ ಬಿಟ್ಟಾಗ ಹಾಗೆಯೇ ಆಯಿತು, ಅದರ ಲ್ಯಾಟಿನ್ ಮೂಲ ಕಣ್ಣಿಗೆ ಕಾಣುವುದು ನಿಂತಿತು.

ಇಷ್ಟರ ನಡುವೆ ಪದಬಂಧ ಕಟ್ಟುವವರಿಗೆ ಒಂದು ವಿನಂತಿ. ಕನ್ನಡ ಪತ್ರಿಕೆಗಳಲ್ಲೇ ಢಿಕ್ಕಿಯೂ ಇದೆ ಡಿಕ್ಕಿಯೂ ಇದೆ, ಡಂಗುರ-ಢಂಗುರ, ಜಗಮಗ-ಝಗಮಗ, ತಾವು-ಠಾವು ಎಲ್ಲವೂ ಜೋಡಿಯಾಗಿಯೇ ಓಡಾಡುತ್ತಿವೆ. ಅಡ್ಡಸಾಲಿನ ಮೊದಲ ಮನೆಗೆ ಢ ಬೇಕೋ ಡ ಬೇಕೋ ಎಂದು ಗೊತ್ತಾಗದೆ ಕೆಳಸಾಲೂ ನಿಂತುಹೋಗುತ್ತದೆ. ಜರ್ಮನ್ ಆಟಗಾರರು ಡೂಡನ್ ಎಂದು ಹೇಳಿ ಆಟ ಶುರುಮಾಡುವ ಹಾಗೆ ನಮ್ಮ ಪದಬಂಧದ ಕೆಳಗೂ ಯಾವ ನಿಘಂಟಿನ ರೂಪ ಅಂತಿಮ ಎಂದು ಒಂದು ಸಾಲು ಅಚ್ಚಾಗಲಿ. ಪರಿಷತ್ತಿನ ನಿಘಂಟಾದರೆ ಒಳ್ಳೆಯದು. ಅದರಲ್ಲಿ ಎರಡೂ ರೂಪ ಇರುವ ಪದವನ್ನು ಕಟ್ಟುವವರು ಮೊದಲ ಮನೆಯಲ್ಲಿ ಇಡದಿರಲಿ, ಇಟ್ಟರೆ ಎರಡನ್ನೂ ಸರಿ ಎಂದು ಒಪ್ಪಲಿ.